ಪರೀಕ್ಷೆಗೊಂದು ಹೊಚ್ಚಹೊಸ ಕಂಪ್ಯೂಟರ್

ಬರೆದವರ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುವ ತಂತ್ರಾಂಶ ಗಿರಾಕಿಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳದೇ ಹೋದರೆ, ಬಹುಪಾಲು ಕಾರಣ ಒಂದೇ: ಇಲ್ಲಿರುವ ಯಾವುದೋ ಒಂದು ಅಲ್ಲಿಲ್ಲ. ವಿಷುವಲ್ ಸ್ಟುಡಿಯೊ ಹಾಕಿಕೊಂಡ ದಿನವೇ ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಕಡತಗಳು ನಿಮ್ಮಲ್ಲಿ ಬಂದು ಕೂತಿರುತ್ತವೆ. ಡಾಟ್‌ನೆಟ್ 8 ಇರುತ್ತದೆ. ನುಡಿ, ಬರಹ, ಇನ್ನೂ ಹತ್ತಾರು ಕನ್ನಡ ಫಾಂಟುಗಳಿರುತ್ತವೆ. ಕಿರಾಣಿ ಅಂಗಡಿಯ ಗಲ್ಲಾ ಪಕ್ಕದಲ್ಲಿರುವ ಕಂಪ್ಯೂಟರಿನಲ್ಲಿ ಇವ್ಯಾವುವೂ ಇರಬೇಕೆಂದಿಲ್ಲ. ಅಲ್ಲಿ ಇನ್‌ಸ್ಟಾಲ್ ಮಾಡಿದ ಕೂಡಲೇ 'ವಿಸಿರನ್‌ಟೈಮ್140 ಡಿಎಲ್‌ಎಲ್ ಸಿಗುತ್ತಿಲ್ಲ' ಎಂಬ ಪೆಟ್ಟಿಗೆ ಎದುರಾಗುತ್ತದೆ. ಅಂಗಡಿಯವರಿಗೆ ಅದರ ತಲೆಬುಡ ಅರ್ಥವಾಗುವುದಿಲ್ಲ. ಫೋನು ನಿಮಗೆ ಬರುತ್ತದೆ.

ತಪ್ಪಿಸುವ ದಾರಿಯೆಂದರೆ ಪ್ರತಿ ಪರೀಕ್ಷೆಗೂ ಆಗತಾನೇ ವಿಂಡೋಸ್ ಹಾಕಿಟ್ಟಂಥ ಕಂಪ್ಯೂಟರನ್ನು ಬಳಸುವುದು. ಅದಕ್ಕಾಗಿ ಇನ್ನೊಂದು ಕಂಪ್ಯೂಟರ್ ಕೊಳ್ಳಬೇಕಿಲ್ಲ. ವರ್ಚುವಲ್ ಮಷೀನ್, ಅಂದರೆ ಎಲ್ಲರೂ ವಿಎಂ ಎನ್ನುವ ವ್ಯವಸ್ಥೆ, ನಿಮ್ಮ ಕಂಪ್ಯೂಟರಿನ ಒಳಗೇ ಮತ್ತೊಂದನ್ನು ಓಡಿಸುತ್ತದೆ. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ತನಗೊಂದು ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇದೆಯೆಂದೇ ಒಳಗಿನ ವಿಂಡೋಸ್ ತಿಳಿದಿರುತ್ತದೆ. ಆ ಡಿಸ್ಕು ನಿಜದಲ್ಲಿ ಹೋಸ್ಟ್‌ನಲ್ಲಿರುವ ಒಂದು ದೊಡ್ಡ ಕಡತ. ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ಈ ತಂತ್ರ 1972ರ ವಿಎಂ/370ರ ಕಾಲಕ್ಕೇ ಬಳಕೆಯಲ್ಲಿತ್ತು. ಮಾಮೂಲಿ ಪಿಸಿಗೆ ಅದನ್ನು ತಂದದ್ದು 1999ರ ವಿಎಂವೇರ್ ವರ್ಕ್‌ಸ್ಟೇಷನ್. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳ ಒಳಗೇ ಇದಕ್ಕೆ ಬೆಂಬಲ ಸೇರಿದ ಮೇಲೆ ವಿಎಂಗಳ ವೇಗ ಕ್ರಮೇಣ ನಿಜವಾದ ಕಂಪ್ಯೂಟರಿಗೆ ಹತ್ತಿರ ಬಂತು.

ಯಾವುದನ್ನು ಆರಿಸಬೇಕು? ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ವರ್ಚುವಲ್‌ಬಾಕ್ಸ್. 2007ರಲ್ಲಿ ಇನ್ನೊಟೆಕ್ ಎಂಬ ಜರ್ಮನ್ ಕಂಪನಿ ಹೊರತಂದದ್ದು, ಸನ್ ಮೂಲಕ ಈಗ ಒರಾಕಲ್ ಕೈಯಲ್ಲಿದೆ. ಮೂಲ ಪ್ಯಾಕೇಜು ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ. ಅದರ ಜೊತೆಗೆ ಸಿಗುವ ಎಕ್ಸ್‌ಟೆನ್ಷನ್ ಪ್ಯಾಕ್‌ನ ವಿಚಾರದಲ್ಲಿ ಮಾತ್ರ ಎಚ್ಚರವಿರಲಿ. ಅದು ಸ್ವಂತ ಬಳಕೆಗೆ, ಕಲಿಕೆಗೆ ಪುಕ್ಕಟೆ. ಕಂಪನಿಯ ಕೆಲಸಕ್ಕೆ ಲೈಸೆನ್ಸ್ ಕೊಳ್ಳಬೇಕು. ನಮ್ಮ ಕೆಲಸಕ್ಕೆ ಅದು ಬೇಕಾಗುವುದಿಲ್ಲ, ಹಾಕದಿರುವುದೇ ಒಳ್ಳೆಯದು. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರಿನಿಂದ ವ್ಯಾಪಾರಿ ಬಳಕೆಗೂ ಉಚಿತವಾಗಿದೆ. ಪರದೆಯ ಗ್ರಾಫಿಕ್ಸ್ ಅದರಲ್ಲಿ ಇನ್ನಷ್ಟು ನಯ. ವಿಂಡೋಸ್ ಪ್ರೊ ಇದ್ದವರಿಗೆ ಹೈಪರ್-ವಿ ಜೊತೆಯಲ್ಲೇ ಬರುತ್ತದೆ, ಹೋಮ್ ಆವೃತ್ತಿಯಲ್ಲಿ ಅದಿಲ್ಲ. ಲಿನಕ್ಸ್ ಬಳಸುವವರು ಕೆವಿಎಂ ಮೇಲೆ ನಿಂತ ವರ್ಟ್-ಮ್ಯಾನೇಜರ್ ಹಿಡಿದರೆ ಅದಕ್ಕಿಂತ ಗಟ್ಟಿಯಾದದ್ದು ಬೇಕಿಲ್ಲ. ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳ ವಿಎಂನಲ್ಲಿ ಓಡುವುದು ಆರ್ಮ್ ವಿಂಡೋಸ್. ಅಂಗಡಿ ಕಚೇರಿಗಳಲ್ಲಿರುವ ಇಂಟೆಲ್ ವಿಂಡೋಸ್‌ನ ಪರೀಕ್ಷೆ ಅಲ್ಲಿ ಮಾಡಿದರೆ ಫಲಿತಾಂಶವನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ.

ಒಂದೇ ಒಂದು ಇನ್‌ಸ್ಟಾಲರ್ ಪರೀಕ್ಷಿಸಿ ಬಿಟ್ಟುಬಿಡುವುದಿದ್ದರೆ ವಿಂಡೋಸ್ ಪ್ರೊದಲ್ಲಿರುವ ವಿಂಡೋಸ್ ಸ್ಯಾಂಡ್‌ಬಾಕ್ಸ್ ಸಾಕು. ತೆರೆದಾಗ ಹೊಸ ವಿಂಡೋಸ್ ಸಿಗುತ್ತದೆ, ಮುಚ್ಚಿದಾಗ ಒಳಗೆ ಮಾಡಿದ್ದೆಲ್ಲ ಅಳಿದುಹೋಗುತ್ತದೆ. ಆದರೆ ನಿಮ್ಮಲ್ಲಿರುವ ವಿಂಡೋಸ್‌ನ ಆವೃತ್ತಿಯೇ ಅಲ್ಲೂ ಇರುತ್ತದೆ. ಗಿರಾಕಿಯಲ್ಲಿರುವ ಹಳೆಯದನ್ನು ಅಲ್ಲಿ ಕಟ್ಟಲಾಗದು.

ಕಟ್ಟುವ ಮುನ್ನ

ಟಾಸ್ಕ್ ಮ್ಯಾನೇಜರ್ ತೆರೆದು, 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು ಒತ್ತಿ ನೋಡಿ. 'ವರ್ಚುವಲೈಸೇಷನ್' ಎಂಬುದರ ಮುಂದೆ 'ಎನೇಬಲ್ಡ್' ಎಂದಿರಬೇಕು. ಇಲ್ಲವಾದರೆ ಕಂಪ್ಯೂಟರನ್ನು ಮರುಚಾಲೂ ಮಾಡಿ, ಬಯೋಸ್ ಒಳಹೊಕ್ಕು, ಇಂಟೆಲ್ ಆದರೆ 'ವರ್ಚುವಲೈಸೇಷನ್ ಟೆಕ್ನಾಲಜಿ', ಎಎಂಡಿ ಆದರೆ 'ಎಸ್‌ವಿಎಂ ಮೋಡ್' ಎಂಬುದನ್ನು ಚಾಲೂ ಮಾಡಬೇಕು. ಹೋಸ್ಟ್‌ನಲ್ಲಿ 16 ಜಿಬಿ ಮೆಮೊರಿ ಇದ್ದರೆ ನೆಮ್ಮದಿ. 8 ಜಿಬಿ ಇದ್ದರೂ ನಡೆಯುತ್ತದೆ, ಆದರೆ ವಿಎಂ ಓಡುವಾಗ ಬ್ರೌಸರ್ ಮುಚ್ಚಿಡಬೇಕಾಗುತ್ತದೆ. ಡಿಸ್ಕು ಎಸ್‌ಎಸ್‌ಡಿಯೇ ಆಗಿರಲಿ. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ಇಂದಿನ ವಿಂಡೋಸ್‌ ವಿಎಂ ಸಹನೆ ಕೆಡಿಸುತ್ತದೆ.

ವಿಎಂ ಕಾರಣವಿಲ್ಲದೆ ತೆವಳುತ್ತಿದೆ ಅನ್ನಿಸಿದರೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಪಟ್ಟಿ ನೋಡಿ. ಅಲ್ಲಿ ಆಮೆಯ ಚಿತ್ರ ಕಂಡರೆ, ಹೋಸ್ಟ್‌ನಲ್ಲಿ ಹೈಪರ್-ವಿ ಆಗಲೇ ಪ್ರೊಸೆಸರನ್ನು ಹಿಡಿದು ಕೂತಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಹಾದು ಹೋಗುತ್ತಿದೆ ಎಂದರ್ಥ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2, ಸ್ಯಾಂಡ್‌ಬಾಕ್ಸ್, ಮೆಮೊರಿ ಇಂಟೆಗ್ರಿಟಿ, ಇವುಗಳಲ್ಲಿ ಯಾವುದು ಚಾಲೂ ಇದ್ದರೂ ಹೀಗಾಗಬಹುದು. ಮೆಮೊರಿ ಇಂಟೆಗ್ರಿಟಿ ಭದ್ರತೆಗಾಗಿ ಇರುವಂಥದ್ದು. ವೇಗಕ್ಕಾಗಿ ಅದನ್ನು ಬಂದ್ ಮಾಡುವ ಬದಲು ಹೈಪರ್-ವಿಯಲ್ಲೇ ವಿಎಂ ಕಟ್ಟಿಕೊಳ್ಳುವುದು ಮೇಲು.

ವಿಂಡೋಸ್‌ನ ಐಎಸ್‌ಒ ಕಡತವನ್ನು ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ವಿಂಡೋಸ್ 11 ಎಂಟರ್‌ಪ್ರೈಸ್‌ನ ಪರೀಕ್ಷಾ ಪ್ರತಿ ಅಲ್ಲಿ 90 ದಿನಗಳ ಬಳಕೆಗೆ ಉಚಿತವಾಗಿ ಸಿಗುತ್ತದೆ. ವರ್ಷವಿಡೀ ಪರೀಕ್ಷೆ ನಡೆಸುವವರು ವಿಎಂಗೂ ಲೈಸೆನ್ಸ್ ಕೊಳ್ಳಬೇಕು. ಹೋಸ್ಟ್‌ಗೆ ಕೊಂಡದ್ದು ಒಳಗಿನದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಪೆನ್ ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ಓಡಾಡುವ, ಮೊದಲೇ ಆಕ್ಟಿವೇಟ್ ಆಗಿರುವ ವಿಂಡೋಸ್ ಪ್ರತಿಗಳನ್ನು ದಯವಿಟ್ಟು ಬಳಸಬೇಡಿ. ಕಾನೂನಿನ ಮಾತು ಹಾಗಿರಲಿ, ಯಾರೋ ಏನನ್ನೋ ತೆಗೆದು ಏನನ್ನೋ ಸೇರಿಸಿದ ವಿಂಡೋಸ್‌ನಲ್ಲಿ ನಡೆಸಿದ ಪರೀಕ್ಷೆಗೆ ಬೆಲೆಯೇ ಇಲ್ಲ.

ಕಟ್ಟುವ ಕೆಲಸ

ವರ್ಚುವಲ್‌ಬಾಕ್ಸ್‌ನಲ್ಲಿ 'ನ್ಯೂ' ಒತ್ತಿ, ಹೆಸರು ಕೊಟ್ಟು, ಐಎಸ್‌ಒ ತೋರಿಸಿ. 'ಅನ್‌ಅಟೆಂಡೆಡ್ ಇನ್‌ಸ್ಟಾಲೇಷನ್', ಅಂದರೆ ನಿಮ್ಮನ್ನು ಕೇಳದೆ ತಾನೇ ಎಲ್ಲವನ್ನೂ ತುಂಬಿಕೊಳ್ಳುವ ಆಯ್ಕೆಯನ್ನು ಬಿಟ್ಟುಬಿಡಿ. ಬಳಕೆದಾರರ ಹೆಸರು, ಭಾಷೆ, ಪ್ರದೇಶ, ಇವನ್ನೆಲ್ಲ ನೀವೇ ಆರಿಸಬೇಕು. ಪರೀಕ್ಷೆಯ ಮುಖ್ಯ ಭಾಗವೇ ಅಲ್ಲಿದೆ. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್, ಎರಡು ಕೋರ್, ಯುಇಎಫ್‌ಐ ಮತ್ತು ಟಿಪಿಎಂ 2.0. ಈ ಕೊನೆಯದು 2022ರಲ್ಲಿ ಬಂದ ವರ್ಚುವಲ್‌ಬಾಕ್ಸ್ 7.0ರಿಂದ ಒಳಗೇ ಇದೆ. ಗೆಸ್ಟ್ 'ವಿಂಡೋಸ್ 11' ಎಂದು ಆರಿಸಿದರೆ ತಾನೇ ಸೇರಿಕೊಳ್ಳುತ್ತದೆ. ಡಿಸ್ಕಿಗೆ 80 ಜಿಬಿ ಕೊಡಿ. ಮೊದಲೇ ಪೂರ್ತಿ ಜಾಗ ಹಿಡಿಯುವ ಬಗೆ ಬೇಡ, ತುಂಬಿದಷ್ಟೇ ಬೆಳೆಯುವ ಬಗೆ ಇರಲಿ.

ಮೆಮೊರಿ ಎಷ್ಟು ಕೊಡಬೇಕು ಎಂಬಲ್ಲಿ ಅನೇಕರು ಉದಾರಿಗಳಾಗುತ್ತಾರೆ. ವಿಎಂ ಚುರುಕಾಗಿರಲಿ ಎಂದು 8 ಜಿಬಿ ಕೊಡುವುದು ಸಹಜ. ನಿಮ್ಮ ಗಿರಾಕಿಯಲ್ಲಿರುವುದು 4 ಜಿಬಿಯ ಕಂಪ್ಯೂಟರ್ ಆದರೆ ಪರೀಕ್ಷೆಯ ವಿಎಂಗೂ 4 ಜಿಬಿಯನ್ನೇ ಕೊಡಿ. ಪರದೆಯೂ ಅಷ್ಟೆ: ನಿಮ್ಮೆದುರು ದೊಡ್ಡ ಮಾನಿಟರ್ ಇದ್ದೀತು, ವಿಎಂ ಪರದೆಯನ್ನು 1366×768ಕ್ಕೆ ಇಳಿಸಿ. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ 'ಉಳಿಸು' ಗುಂಡಿ ಪರದೆಯ ಕೆಳಗೆ ಮುಳುಗಿಹೋಗುವ ತಂತ್ರಾಂಶಗಳು ಎಷ್ಟೋ ಇವೆ. ಅಕ್ಷರದ ಗಾತ್ರವನ್ನು 125, 150 ಪ್ರತಿಶತಕ್ಕೆ ಏರಿಸಿಯೂ ನೋಡಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗೆಂದು ಅಂಗಡಿಗಳ ಕಂಪ್ಯೂಟರುಗಳಿಂದ ಅದು ಮಾಯವಾಗಿಲ್ಲ. ನಿಮ್ಮ ಗಿರಾಕಿಗಳಲ್ಲಿ ಅದು ಇರುವವರೆಗೆ ನಿಮ್ಮಲ್ಲೂ ಅದರದೊಂದು ವಿಎಂ ಇರಲಿ.

ವಿಂಡೋಸ್ ಹಾಕಿದ ಮೇಲೆ 'ಡಿವೈಸಸ್' ಪಟ್ಟಿಯಿಂದ ಗೆಸ್ಟ್ ಅಡಿಷನ್ಸ್ ಸಿ.ಡಿ. ಸೇರಿಸಿ ಇನ್‌ಸ್ಟಾಲ್ ಮಾಡಿ. ಪರದೆ ಸರಿಹೊಂದುವುದು, ಹೋಸ್ಟ್ ಗೆಸ್ಟ್ ನಡುವೆ ಕಾಪಿ-ಪೇಸ್ಟ್, ಹಂಚಿದ ಫೋಲ್ಡರ್, ಎಲ್ಲಕ್ಕೂ ಅದು ಬೇಕು. ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಯಲು ಬಿಡಿ, ಎರಡು ಬಾರಿ ಮರುಚಾಲೂ ಮಾಡಿ. ಇಲ್ಲಿಗೆ ನಿಲ್ಲಿಸಿ. ಆಫೀಸ್ ಬೇಡ, ಬೇರೆ ಬ್ರೌಸರ್ ಬೇಡ, ಕೈಗೆ ಒಗ್ಗಿದ ಎಡಿಟರ್ ಕೂಡ ಬೇಡ. ನೀವು ಅನುಕೂಲಕ್ಕೆಂದು ಸೇರಿಸುವ ಒಂದೊಂದೂ ತನ್ನ ಜೊತೆಗೆ ಯಾವುದೋ ರನ್‌ಟೈಮನ್ನು ತಂದು, ನೀವು ಹುಡುಕುತ್ತಿರುವ ದೋಷವನ್ನೇ ಮುಚ್ಚಿಹಾಕಬಹುದು.

ಸ್ನ್ಯಾಪ್‌ಶಾಟ್

ವಿಎಂ ಕಟ್ಟುವ ಶ್ರಮವೆಲ್ಲ ಸಾರ್ಥಕವಾಗುವುದು ಈ ಒಂದು ಸೌಲಭ್ಯದಿಂದ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಕಡತಕ್ಕೆ ಏನೂ ಬರೆಯಲಾಗುವುದಿಲ್ಲ. ಮುಂದಿನ ಬದಲಾವಣೆಗಳೆಲ್ಲ ಬೇರೊಂದು ಕಡತಕ್ಕೆ ಹೋಗುತ್ತವೆ. ಹಿಂದಿರುಗಬೇಕೆಂದಾಗ ವರ್ಚುವಲ್‌ಬಾಕ್ಸ್ ಆ ಎರಡನೆಯ ಕಡತವನ್ನು ಎಸೆದರಾಯಿತು. ಹಾಗಾಗಿಯೇ ಇಡೀ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವುದು ಅಷ್ಟು ಬೇಗ ಆಗುತ್ತದೆ.

ಅಪ್‌ಡೇಟ್ ಮುಗಿದ ಕೂಡಲೇ ವಿಎಂ ಅನ್ನು ಶಟ್‌ಡೌನ್ ಮಾಡಿ ಮೊದಲ ಸ್ನ್ಯಾಪ್‌ಶಾಟ್ ತೆಗೆಯಿರಿ. ಓಡುತ್ತಿರುವಾಗಲೂ ತೆಗೆಯಬಹುದು, ಆದರೆ ಆಗ ಮೆಮೊರಿಯಲ್ಲಿದ್ದದ್ದೂ ಸೇರಿ ಕಡತ ದೊಡ್ಡದಾಗುತ್ತದೆ. ಹೆಸರನ್ನು ಸ್ಪಷ್ಟವಾಗಿ ಕೊಡಿ: 'ವಿಂಡೋಸ್ 11, ಬರಿದು, ಅಪ್‌ಡೇಟ್ ಆದದ್ದು' ಎಂದು, ತಾರೀಕು ಸಮೇತ. ಆಮೇಲೆ ಪ್ರತಿ ಪರೀಕ್ಷೆಯೂ ಇಲ್ಲಿಂದಲೇ ಶುರುವಾಗಿ ಇಲ್ಲಿಗೇ ಮರಳಬೇಕು. ಇನ್‌ಸ್ಟಾಲರ್ ಸರಿಯಿಲ್ಲವೆಂದು ಗೊತ್ತಾಗಿ ತಿದ್ದಿದ ಮೇಲೆ, ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ಹೊಸದನ್ನು ಹಾಕಿದರೆ ಅದು ಶುದ್ಧ ಪರೀಕ್ಷೆಯಲ್ಲ. ಮೊದಲ ಪ್ರಯತ್ನ ಬಿಟ್ಟುಹೋದ ಕಡತವೊಂದು ಎರಡನೆಯದನ್ನು ಗೆಲ್ಲಿಸಿರಬಹುದು. ಹಿಂದಕ್ಕೆ ಮರಳಿ, ಮತ್ತೆ ಹಾಕಿ. ಮರಳುವ ಮೊದಲು ಬೇಕಾದ ಲಾಗ್ ಕಡತ, ಸ್ಕ್ರೀನ್‌ಶಾಟ್‌ಗಳನ್ನು ಹೋಸ್ಟ್‌ಗೆ ತಂದುಕೊಳ್ಳುವುದನ್ನು ಮರೆಯಬೇಡಿ, ಮರಳಿದ ಮೇಲೆ ಅವು ಸಿಗುವುದಿಲ್ಲ.

ಅಪ್‌ಗ್ರೇಡ್ ಪರೀಕ್ಷೆಗೆ ಎರಡನೆಯ ಸ್ನ್ಯಾಪ್‌ಶಾಟ್ ಬೇಕು. ತಂತ್ರಾಂಶದ ಹಳೆಯ ಆವೃತ್ತಿ ಹಾಕಿ, ಒಂದಷ್ಟು ಬಿಲ್ಲು, ಒಂದಷ್ಟು ಗಿರಾಕಿಗಳ ಹೆಸರು ತುಂಬಿ ಅಲ್ಲೊಂದು ತೆಗೆದಿಡಿ. ಹೊಸ ಆವೃತ್ತಿ ಬಂದಾಗಲೆಲ್ಲ ಇದರ ಮೇಲೆ ಹಾಕಿ, ಹಳೆಯ ಲೆಕ್ಕ ಹಾಗೇ ಇದೆಯೇ ನೋಡಿ. ತುಂಬುವ ಹೆಸರು, ಫೋನ್ ಸಂಖ್ಯೆಗಳು ಕಲ್ಪಿತವಾಗಿರಲಿ. ಗಿರಾಕಿಯ ನಿಜವಾದ ಲೆಕ್ಕಪತ್ರ ಪರೀಕ್ಷೆಯ ವಿಎಂಗೆ ಬರಕೂಡದು.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಎಲ್ಲವೂ ಮೂಲ ಡಿಸ್ಕ್ ಕಡತವನ್ನೇ ನಂಬಿಕೊಂಡಿರುತ್ತವೆ. ಅದು ಕೆಟ್ಟರೆ ಎಲ್ಲವೂ ಹೋದವು. ಫೋಲ್ಡರ್‌ಗೆ ಹೋಗಿ ವಿಡಿಐ ಎಂಬ ಡಿಸ್ಕ್ ಕಡತಗಳನ್ನು ಕೈಯಾರೆ ಅಳಿಸುವುದು, ಸರಿಸುವುದು ಮಾಡಬೇಡಿ. ಒಂದರ ಮೇಲೊಂದು ಸರಪಳಿ ಬೆಳೆದರೆ ವಿಎಂ ನಿಧಾನವಾಗುತ್ತದೆ, ಡಿಸ್ಕ್ ತುಂಬುತ್ತದೆ. ಮೂರು ನಾಲ್ಕಕ್ಕಿಂತ ಹೆಚ್ಚು ಬೇಕೆನ್ನಿಸಿದರೆ ಕ್ಲೋನ್ ಮಾಡಿ ಬೇರೆ ವಿಎಂ ಆಗಿ ಇಡಿ.

ಏನನ್ನು ಪರೀಕ್ಷಿಸಬೇಕು

ವಿಎಂನಲ್ಲಿ ಮಾತ್ರ ಧೈರ್ಯವಾಗಿ ಮಾಡಬಹುದಾದ ಕೆಲಸಗಳಿವೆ. ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆಯಲ್ಲಿ ಲಾಗಿನ್ ಆಗಿ ತಂತ್ರಾಂಶ ಓಡಿಸಿ. ಪ್ರೋಗ್ರಾಂ ಫೈಲ್ಸ್ ಒಳಗೇ ಲೆಕ್ಕ ಬರೆದಿಡಲು ಹೋಗುವ ತಂತ್ರಾಂಶದ ಹುಳುಕು ಆಗ ಹೊರಬೀಳುತ್ತದೆ. ಲೆಕ್ಕ ಉಳಿಸುತ್ತಿರುವ ನಡುವೆಯೇ ವಿಎಂ ಅನ್ನು 'ಪವರ್ ಆಫ್' ಮಾಡಿ, ಮತ್ತೆ ಚಾಲೂ ಮಾಡಿ ಕಡತ ತೆರೆಯುತ್ತದೆಯೇ ನೋಡಿ. ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ನಮ್ಮ ಊರುಗಳಿಗೆ ಇದಕ್ಕಿಂತ ಅಗತ್ಯವಾದ ಪರೀಕ್ಷೆಯಿಲ್ಲ. ಇಂಟರ್‌ನೆಟ್ ಅರ್ಧದಲ್ಲಿ ಕಡಿದರೆ ಏನಾಗುತ್ತದೆ ಎಂಬುದನ್ನು 'ಡಿವೈಸಸ್' ಪಟ್ಟಿಯ ನೆಟ್‌ವರ್ಕ್ ಟಿಕ್ ತೆಗೆದು ತಿಳಿಯಬಹುದು. ನೆಟ್‌ವರ್ಕ್ ಬಗೆ ಮೊದಲಿಗೆ 'ನ್ಯಾಟ್' ಎಂದಿರುತ್ತದೆ, ಸಾಮಾನ್ಯ ಬಳಕೆಗೆ ಅದೇ ಸರಿ. ಎರಡು ಕಂಪ್ಯೂಟರುಗಳ ನಡುವೆ ಬಿಲ್ಲಿಂಗ್ ಹಂಚಿಕೊಳ್ಳುವ ತಂತ್ರಾಂಶವಾದರೆ ಎರಡು ವಿಎಂ ಕಟ್ಟಿ 'ಇಂಟರ್ನಲ್ ನೆಟ್‌ವರ್ಕ್'ನಲ್ಲಿ ಜೋಡಿಸಿ; ಹೊರಗಿನ ಜಾಲಕ್ಕೆ ಸೋಂಕಿಲ್ಲದೆ ಕೆಲಸ ಆಗುತ್ತದೆ.

ಲೆಕ್ಕದ ತಂತ್ರಾಂಶಗಳು ಮಾರ್ಚ್ 31 ದಾಟಿ ಏಪ್ರಿಲ್ 1ಕ್ಕೆ ಕಾಲಿಡುವಾಗ ಎಡವುತ್ತವೆ. ವಿಎಂ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಇದನ್ನು ಇಂದೇ ನೋಡಬಹುದು. ತಿರುಗಿಸಿದ ಗಡಿಯಾರ ತಾನಾಗಿ ಇವತ್ತಿಗೆ ಮರಳಿದರೆ ಗಾಬರಿ ಬೇಡ. ಹೋಸ್ಟ್‌ನ ಸಮಯಕ್ಕೆ ಗೆಸ್ಟ್ ಅಡಿಷನ್ಸ್ ಅದನ್ನು ಹೊಂದಿಸಿರುತ್ತದೆ. ಗೆಸ್ಟ್‌ನ ಸರ್ವಿಸಸ್ ಪಟ್ಟಿಯಲ್ಲಿ ವರ್ಚುವಲ್‌ಬಾಕ್ಸ್ ಸರ್ವಿಸನ್ನು ನಿಲ್ಲಿಸಿ, ವಿಂಡೋಸ್‌ನ ಸ್ವಯಂಚಾಲಿತ ಸಮಯವನ್ನೂ ಬಂದ್ ಮಾಡಿದರೆ ಮುಗಿಯಿತು.

ಇನ್ನು ಕನ್ನಡ. ಈ ಭಾಗವನ್ನು ನಾವೇ ಮಾಡಬೇಕು, ಬೇರೆಯವರು ಮಾಡಿಕೊಡುವುದಿಲ್ಲ.

ವಿಎಂನಲ್ಲಿ ಕನ್ನಡ ಕೀಲಿಮಣೆ ಸೇರಿಸಿ, 'ಲಕ್ಷ್ಮಿ' ಎಂದೋ 'ಶಂಕ್ರಪ್ಪ' ಎಂದೋ ಕನ್ನಡದಲ್ಲೇ ಹೆಸರು ಕೊಟ್ಟು ಸ್ಥಳೀಯ ಖಾತೆಯೊಂದನ್ನು ತೆರೆಯಿರಿ. ಆ ಬಳಕೆದಾರರ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ತಾತ್ಕಾಲಿಕ ಕಡತಗಳು, ಎಲ್ಲದರ ದಾರಿಯಲ್ಲೂ ಈಗ ಕನ್ನಡ ಅಕ್ಷರ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಬರೆದ ತಂತ್ರಾಂಶಗಳು ಇಲ್ಲಿ ಕುಸಿಯುತ್ತವೆ. ಕಾರಣ ಇಷ್ಟು: ಯುನಿಕೋಡ್‌ಗೂ ಹಿಂದೆ ವಿಂಡೋಸ್ ಒಂದೊಂದು ಲಿಪಿಗೆ ಒಂದೊಂದು ಕೋಡ್ ಪೇಜ್ ಇಟ್ಟಿತ್ತು, ರಷ್ಯನ್‌ಗೆ, ಗ್ರೀಕ್‌ಗೆ, ಅರಬ್ಬಿಗೆ ಅಂಥದ್ದಿದೆ. ಕನ್ನಡ ಎಕ್ಸ್‌ಪಿ ಕಾಲದಲ್ಲಿ ನೇರವಾಗಿ ಯುನಿಕೋಡ್ ಮೂಲಕವೇ ಬಂದದ್ದರಿಂದ ಅದಕ್ಕೆ ಅಂಥ ಕೋಡ್ ಪೇಜ್ ಇಲ್ಲ. ತಂತ್ರಾಂಶ ಹಳೆಯ ವಿಧಾನದಲ್ಲಿ ಕಡತದ ದಾರಿ ಕೇಳಿದರೆ 'ಲಕ್ಷ್ಮಿ' ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಸಿಗುತ್ತದೆ. ಆ ಹೆಸರಿನ ಫೋಲ್ಡರ್ ಇಲ್ಲವಾದ್ದರಿಂದ ತಂತ್ರಾಂಶ ನಿಲ್ಲುತ್ತದೆ.

ಫಾಂಟು ಮುಂದಿನದು. ವಿಂಡೋಸ್ ಎಕ್ಸ್‌ಪಿಯಿಂದ ಬಹುಕಾಲ ಕನ್ನಡಕ್ಕೆ ತುಂಗಾ ಫಾಂಟ್ ಇತ್ತು. ವಿಂಡೋಸ್ 8ರಲ್ಲಿ ನಿರ್ಮಲಾ ಯುಐ ಬಂತು. ವಿಂಡೋಸ್ 10 ಮತ್ತು 11ರಲ್ಲಿ ತುಂಗಾ, ಬೇಕಾದವರು ಸೇರಿಸಿಕೊಳ್ಳುವ ಹೆಚ್ಚುವರಿ ಕನ್ನಡ ಫಾಂಟುಗಳ ಗುಂಪಿಗೆ ಸೇರಿದೆ. ಬಿಲ್ಲಿನ ವಿನ್ಯಾಸದಲ್ಲಿ 'ತುಂಗಾ' ಎಂದೇ ಬರೆದಿಟ್ಟಿದ್ದರೆ ಬರಿದಾದ ವಿಎಂನಲ್ಲಿ ಬೇರೆ ಫಾಂಟು ಬಂದು ಸಾಲುಗಳು ಅಡ್ಡಾದಿಡ್ಡಿಯಾಗುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ತುಂಗಾ ಇರುವವರೆಗೆ ಇದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗೆಯೇ 'ರಾಷ್ಟ್ರ', 'ಸಂಸ್ಕೃತಿ', 'ಸೂರ್ಯ', 'ಸ್ತ್ರೀ' ಇಂಥ ಪದಗಳನ್ನು ಪ್ರತಿ ಪೆಟ್ಟಿಗೆಯಲ್ಲೂ ಟೈಪಿಸಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಪೆಟ್ಟಿಗೆಗಳಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುವುದು ಕಾಣುತ್ತದೆ.

ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಲು ಹೇಳಿ ನೋಡಿ. ಯುನಿಕೋಡ್ ಪಟ್ಟಿಯಲ್ಲಿ 'ಳ' ಇರುವುದು 'ಲ' ಆದ ಮೇಲೆ, 'ವ'ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು 'ಹ' ಆದ ಮೇಲೆ. ತಂತ್ರಾಂಶ ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸುತ್ತಿದ್ದರೆ 'ಕಳಸ' 'ಕವಿತಾ'ಗಿಂತ ಮುಂದೆ ಬಂದುಬಿಡುತ್ತದೆ. ಹುಡುಕಾಟದಲ್ಲಿ 'ಸಾಫ್ಟ್‌ವೇರ್' ಎಂದು ಕೊಡಿ. 'ಟ'ಕ್ಕೆ 'ವ' ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಅದರ ನಡುವೆ ಇದೆ. ಅದಿದ್ದಾಗಲೂ ಇಲ್ಲದಾಗಲೂ ಪದ ಸಿಗಬೇಕು. ನುಡಿ ಅಥವಾ ಬರಹದಂಥ ಟೈಪಿಂಗ್ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿರುವಾಗ ನಿಮ್ಮದು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಬೇರೆ ಸ್ನ್ಯಾಪ್‌ಶಾಟ್ ಇಡಿ. ಕನ್ನಡ ಕಚೇರಿಗಳಲ್ಲಿ ಇವು ಇಲ್ಲದ ಕಂಪ್ಯೂಟರ್ ಅಪರೂಪ.

ವಿಎಂಗೆ ನಿಲುಕದ್ದೂ ಇದೆ. ವೇಗದ ಅಳತೆ, ಗ್ರಾಫಿಕ್ಸ್ ಕಾರ್ಡಿನ ವರ್ತನೆ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗಿನ ತೊಂದರೆ, ಇವಕ್ಕೆ ನಿಜವಾದ ಯಂತ್ರವೇ ಬೇಕು. ಬಿಲ್ ಪ್ರಿಂಟರನ್ನು ಯುಎಸ್‌ಬಿ ಮೂಲಕ ವಿಎಂಗೆ ಒಪ್ಪಿಸಬಹುದು. ಆದರೂ ಕೊನೆಯ ಮಾತು ಅಂಗಡಿಯಲ್ಲಿರುವ ಪ್ರಿಂಟರಿನದೇ. ಬಿಡುಗಡೆಗೆ ಮೊದಲು ಒಂದು ಹಳೆಯ, ನಿಧಾನವಾದ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ. ಅನುಮಾನಾಸ್ಪದ ತಂತ್ರಾಂಶ ಪರೀಕ್ಷಿಸುವಾಗ ಹಂಚಿದ ಫೋಲ್ಡರ್, ಕಾಪಿ-ಪೇಸ್ಟ್, ನೆಟ್‌ವರ್ಕ್ ಮೂರನ್ನೂ ಮುಚ್ಚಿ. ಹಂಚಿದ ಫೋಲ್ಡರಿನೊಳಗೆ ಏನಾದರೂ ಹಾಳಾದರೆ ಹಾಳಾಗುವುದು ನಿಮ್ಮ ಸ್ವಂತ ಕಡತ. ಸ್ನ್ಯಾಪ್‌ಶಾಟ್ ಅದನ್ನು ಕಾಯುವುದಿಲ್ಲ.

ಬೇರೆಯವರ ತಂತ್ರಾಂಶದಲ್ಲಿ ದೋಷ ಕಂಡರೆ ತಯಾರಕರಿಗೆ ಬರೆದು ಕಳಿಸಿ. ವಿಂಡೋಸ್‌ನ ಆವೃತ್ತಿ, ವಿಎಂಗೆ ಕೊಟ್ಟ ಮೆಮೊರಿ, ಯಾವ ಸ್ಥಿತಿಯಿಂದ ಶುರುಮಾಡಿದಿರಿ, ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟಿದ್ದರೆ ಜಗತ್ತಿನ ಯಾವ ಮೂಲೆಯಲ್ಲಿ ಕೂತವರೂ ಅದೇ ವಿಎಂ ಕಟ್ಟಿ ಅದೇ ದೋಷವನ್ನು ನೋಡಬಲ್ಲರು. ಕನ್ನಡ ಹೆಸರಿನ ಖಾತೆಯಲ್ಲಿ ಕುಸಿಯುವ ತಂತ್ರಾಂಶ ಕಂಡಾಗ ಇಂಗ್ಲಿಷ್ ಹೆಸರಿಗೆ ಬದಲಾಯಿಸಿಕೊಂಡು ಸುಮ್ಮನಾಗಬೇಡಿ, ದಯವಿಟ್ಟು ವರದಿ ಮಾಡಿ.